ಸಂಶೋಧನಾಲಯಕ್ಕೆ ಗಂಡು ಹುಡುಕಿದ ತಿಮ್ಮಪ್ಪಯ್ಯ

ಮಡಿಕೇರಿಯ ತಿಮ್ಮಪ್ಪಯ್ಯನವರು ಹಗಲು ಹೊತ್ತು ಕೃಷಿ ಇಲಾಖೆಯ ಹೆಡ್ ಕ್ಲರ್ಕ್, ಉಳಿದ ಹೊತ್ತು ಮದುವೆ ಕುದುರಿಸುವವರು. ಕೊಡಗು ತನ್ನದೇ ಸರ್ಕಾರ, ತನ್ನದೇ ಮಂತ್ರಿಗಳನ್ನು ಇಟ್ಟುಕೊಂಡು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ರಾಜ್ಯ ಚಿಕ್ಕದಾದ್ದರಿಂದ ಎಲ್ಲರಿಗೂ ಎಲ್ಲರೂ ಗೊತ್ತು. ತಿಮ್ಮಪ್ಪಯ್ಯನವರಿಗಂತೂ ಯಾರ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರಿದ್ದಾರೆ ಎನ್ನುವುದು ಕೂಡ ಬಾಯಿಪಾಠ. ಗೊಬ್ಬರದ ಅರ್ಜಿ ಹಿಡಿದು ಕಚೇರಿಗೆ ಬಂದ ರೈತ ಹೋಗುವಾಗ ಮಗಳ ಜಾತಕ ಕೊಟ್ಟು ಹೋಗುತ್ತಿದ್ದ. ಜಾತಿ ಯಾವುದಾದರೂ ಅವರು ಇಲ್ಲ ಎಂದವರಲ್ಲ. "ನನಗೇನು ಮಾರಾಯಾ, ತಾಳಿ ಕಟ್ಟುವವ ನಾನಲ್ಲವಲ್ಲ" ಎನ್ನುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಮದುವೆಯೂಟದಲ್ಲಿ ಹೋಳಿಗೆಯ ಮೇಲೆ ತುಪ್ಪ ಧಾರಾಳವಾಗಿ ಬಿದ್ದರೆ ಅವರಿಗೆ ಅಷ್ಟೇ ಸಾಕು.

ಈ ಕಸುಬಿನಲ್ಲಿ ಅವರದು ಒಂದೇ ನಿಯಮ. ಗಂಡಿನವರು ಬರುವ ದಿನ ಹೆಣ್ಣಿನ ಮನೆಯ ಒಂದು ಕುಂದೂ ಕಣ್ಣಿಗೆ ಬೀಳಬಾರದು. ಗೋಡೆ ಬಿರುಕು ಬಿಟ್ಟಿದ್ದರೆ ಅಲ್ಲಿ ದೇವರ ಪಟ ನೇತು ಹಾಕಿಸುತ್ತಿದ್ದರು. ಮನೆಯಲ್ಲಿ ಜಗಳಗಂಟ ಚಿಕ್ಕಪ್ಪ ಇದ್ದರೆ ಬೆಳಗ್ಗೆಯೇ ಅವನನ್ನು "ಒಳ್ಳೆ ಬಿದಿರು ಬಂದಿದೆಯಂತೆ, ನೋಡಿಕೊಂಡು ಬನ್ನಿ" ಎಂದು ದೂರದ ಮಾಕುಟ್ಟಕ್ಕೆ ಬಸ್ಸು ಹತ್ತಿಸುತ್ತಿದ್ದರು. ಅವನು ಬಿದಿರು ಕಾಣದೆ ಬೈದುಕೊಂಡು ವಾಪಸು ಬರುವಷ್ಟರಲ್ಲಿ ಇತ್ತ ತಾಂಬೂಲ ಬದಲಾಗಿರುತ್ತಿತ್ತು. ತಿಮ್ಮಪ್ಪಯ್ಯ ಕರೆತಂದ ಗಂಡು ಒಪ್ಪದೆ ಹಿಂದಿರುಗಿದ್ದೇ ಇಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಆ ಹೆಸರು ಅವರಿಗೆ ಸರ್ಕಾರದ ಪೆನ್ಷನ್ನಿಗಿಂತ ಹೆಚ್ಚಿನದಾಗಿತ್ತು.

ಇಷ್ಟೆಲ್ಲ ಮದುವೆ ಮಾಡಿಸಿದವರಿಗೆ ಧಾರೆ ಎರೆದು ಕೊಡಲು ಸ್ವಂತಕ್ಕೊಂದು ಮಗಳಿರಲಿಲ್ಲ. ಮಗನೂ ಇರಲಿಲ್ಲ. ಹೆಂಡತಿ ಕಾವೇರಮ್ಮ ಆ ಮನೆಗೆ ಬಂದ ಹೊಸದರಲ್ಲಿ, ಗೌರಿ ಹಬ್ಬದ ದಿನ, ಹಿತ್ತಿಲಿನಲ್ಲಿ ಒಂದು ಕಿತ್ತಳೆ ಗಿಡ ನೆಟ್ಟಿದ್ದರು. ಅದರ ಹೆಸರೇ ಗೌರಿ ಆಯಿತು. ಕಾವೇರಮ್ಮ ಪಾತ್ರೆ ತೊಳೆಯುತ್ತ ಅದರ ಜೊತೆ ಮಾತಾಡುತ್ತಿದ್ದರು. ತಿಮ್ಮಪ್ಪಯ್ಯ ಅದನ್ನು ಕಂಡು ನಗುತ್ತಿದ್ದರು. ಆಮೇಲಾಮೇಲೆ ತಾವೂ ಕಚೇರಿಯಿಂದ ಬಂದವರೇ ಹಿತ್ತಿಲಿಗೆ ಹೋಗಿ "ಏನು ಗೌರೀ" ಎಂದು ಕೇಳಿಯೇ ಕಾಫಿಗೆ ಕೂರತೊಡಗಿದರು.

ಆ ವರ್ಷಗಳಲ್ಲಿ ಕೊಡಗಿನ ಕಿತ್ತಳೆಗೆ ಯಾವುದೋ ರೋಗ ಹಿಡಿದಿತ್ತು. ಎಲೆ ಹಳದಿಯಾಗುವುದು, ರೆಂಬೆ ತುದಿಯಿಂದ ಒಣಗುವುದು, ಕಾಯಿ ಗೋಲಿಯಷ್ಟೇ ಆಗಿ ನಿಂತುಬಿಡುವುದು. ಮಣ್ಣಿನ ದೋಷ ಎಂದರು ಕೆಲವರು, ಗಾಳಿಯ ದೋಷ ಎಂದರು ಕೆಲವರು. ಕೊನೆಗೆ ಬೆಳೆಗಾರರ ಒತ್ತಾಯಕ್ಕೆ ಸರ್ಕಾರ ಒಂದು ಸಸ್ಯರೋಗ ಸಂಶೋಧನಾಲಯಕ್ಕೆ ಒಪ್ಪಿತು. ನಾಪೋಕ್ಲಿನ ಹತ್ತಿರ ತಮ್ಮ ಎಸ್ಟೇಟಿನ ಹಳೆಯ ಕಾಫಿ ಗೋದಾಮನ್ನು ಪೊನ್ನಮ್ಮ ಎಂಬ ಬೆಳೆಗಾರ್ತಿ ಅದಕ್ಕೆ ಬಿಟ್ಟುಕೊಟ್ಟರು. ಬೆಳೆಗಾರರ ಸಂಘದ ಅಧ್ಯಕ್ಷೆಯೂ ಅವರೇ. ಸುಣ್ಣ ಬಳಿದದ್ದಾಯಿತು, ಗಾಜಿನ ಸಾಮಾನು ಬಂದಿತು, ಕೊಳವೆಯಲ್ಲಿ ನೀರೂ ಬಂದಿತು. ಬಾರದೆ ಉಳಿದದ್ದು ಅದನ್ನು ನಡೆಸುವ ವಿಜ್ಞಾನಿ ಮಾತ್ರ.

ಮೊದಲು ಬಂದವರೊಬ್ಬರು ಜೀಪಿನಿಂದ ಇಳಿದ ಕೂಡಲೇ ಇಲ್ಲಿ ಸಿನಿಮಾ ಎಲ್ಲಿ ಎಂದು ಕೇಳಿದರು. ಅವರ ಕತೆ ಅಲ್ಲಿಗೇ ಮುಗಿಯಿತು. ಇನ್ನೊಬ್ಬರು ಜುಲೈ ತಿಂಗಳಿನಲ್ಲಿ ಬಂದು ತೋಟಕ್ಕೆ ಕಾಲಿಟ್ಟರು. ಕಾಲ್ಚೀಲದೊಳಗೆ ಜಿಗಣೆ ಸೇರಿದ್ದನ್ನು ನೋಡಿದವರೇ ಮತ್ತೆ ಕೊಡಗಿನ ಹೆಸರೆತ್ತಲಿಲ್ಲ. ಮಾರ್ಚ್ ತಿಂಗಳೊಳಗೆ ಮುಖ್ಯಸ್ಥರು ಸಿಗದಿದ್ದರೆ ಸಂಶೋಧನಾಲಯವನ್ನು ಬೇರೆ ಕಡೆಗೆ ಕೊಡುತ್ತೇವೆ ಎಂದು ದಿಲ್ಲಿಯಿಂದ ಕಾಗದ ಬಂದಾಗ ಪೊನ್ನಮ್ಮ ತಾವೇ ಜೀಪು ಓಡಿಸಿಕೊಂಡು ಕಚೇರಿಗೆ ಬಂದು ತಿಮ್ಮಪ್ಪಯ್ಯನವರ ಮೇಜಿನ ಮುಂದೆ ನಿಂತರು.

"ನೋಡಿ ತಿಮ್ಮಪ್ಪಯ್ಯ, ಪೇಪರಿನಲ್ಲಿ ಅಡ್ವರ್ಟೈಸ್ ಮಾಡಿ ಸಾಕಾಯ್ತು. ನಿಮಗೆ ಅಭ್ಯಾಸ ಉಂಟಲ್ಲ? ನಮ್ಮ ಲ್ಯಾಬಿಗೊಂದು ಗಂಡು ಹುಡುಕಿ."

"ವಿಜ್ಞಾನಿಗಳ ಜಾತಕ ನನ್ನ ಹತ್ತಿರ ಇಲ್ಲವಲ್ಲ ಅಮ್ಮಾ."

"ಇಲ್ಲದಿದ್ರೆ ತರಿಸಿ. ಎಲ್ಲ ಬಿಸಿನೆಸ್ಸೂ ಒಂದೇ."

ಪೊನ್ನಮ್ಮ ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ದೇವರಿಗೇ ಗೊತ್ತು. ತಿಮ್ಮಪ್ಪಯ್ಯ ಮಾತ್ರ ಅದನ್ನು ಅಕ್ಷರಶಃ ತೆಗೆದುಕೊಂಡರು. ತಾವು ಮಾಡಿಸಿದ ಮದುವೆಗಳನ್ನೆಲ್ಲ ಒಂದೊಂದಾಗಿ ನೆನೆದರು. ಯಾರ ಸೊಸೆಯ ಅಣ್ಣ ಏನು ಓದಿದ, ಯಾರ ಅಳಿಯನ ತಮ್ಮ ಎಲ್ಲಿದ್ದಾನೆ ಎಂದು ಕಾಫಿ ಕುಡಿಯುತ್ತ ಹುಡುಕಿದರು. ಹಾರಂಗಿ ಹೊಳೆಯ ದಂಡೆಯಲ್ಲಿ ತೋಟ ಮಾಡಿಕೊಂಡಿದ್ದ, ಹಾಸನದ ಕಡೆಯಿಂದ ಬಂದು ನೆಲೆಸಿದ್ದ ಪುಟ್ಟಸ್ವಾಮಿಯ ಹತ್ತಿರ ನೆನಪು ಬಂದು ನಿಂತಿತು. ಅವನ ಹೆಂಡತಿಯ ತಮ್ಮ ಮರುಳಸಿದ್ದಪ್ಪ ಇಂಗ್ಲೆಂಡಿನಲ್ಲಿ ಓದಿ, ಪುಣೆಯ ದೊಡ್ಡ ಸಂಸ್ಥೆಯೊಂದರಲ್ಲಿ ಗಿಡಗಳ ರೋಗವನ್ನು ಅಣುವಿನ ಮಟ್ಟಕ್ಕಿಳಿದು ನೋಡುವವನಂತೆ. ಹಾಗೆಂದು ಪುಟ್ಟಸ್ವಾಮಿಯ ಮದುವೆಯಲ್ಲಿ ಕೇಳಿದ್ದರು. ಹೋಳಿಗೆ ತಿನ್ನುವಾಗ ಕೇಳಿದ್ದು ಅವರಿಗೆ ಮರೆಯುತ್ತಿರಲಿಲ್ಲ.

ಪುಟ್ಟಸ್ವಾಮಿಯ ಹೆಂಡತಿ ಲ್ಯಾಬಿನ ಸಂಗತಿ ಬರೆದು ತಮ್ಮನನ್ನು ಸಂಕ್ರಾಂತಿಗೆ ಕರೆಸಿದಳು. ಪುಣೆಯಲ್ಲಿ ಕಡತ ನೋಡಿ ನೋಡಿ ಬೇಸರ ಬಂದಿತ್ತೋ ಏನೋ, ಡಾಕ್ಟರ್ ಮರುಳಸಿದ್ದಪ್ಪ ಜಾಗ ನೋಡಿ ಹೇಳುತ್ತೇನೆ ಎಂದು ಹೊರಟೇಬಿಟ್ಟರು.

ಗಂಡು ನೋಡಲು ಬರುತ್ತದೆ ಎಂದಾಯಿತು. ತಿಮ್ಮಪ್ಪಯ್ಯನವರ ಮೈಯಲ್ಲಿ ಹಳೆಯ ಹುರುಪು ಎದ್ದಿತು. ಕಚೇರಿಗೆ ರಜೆ ಹಾಕಿ, ಡಾಕ್ಟರ ಜೀಪು ಹೋಗುವ ದಾರಿಯ ತೋಟಗಳಿಗೆಲ್ಲ ಮೊದಲೇ ಹೋಗಿ ಬಂದರು. ಹಳದಿ ಬಿದ್ದ ಒಂದು ಮರವೂ ಕಾಣಬಾರದು ಎಂದು ಅಪ್ಪಣೆ ಕೊಟ್ಟರು. ಪೂರ್ತಿ ಕೆಟ್ಟದ್ದನ್ನು ಕಡಿದು ಸುಡುವುದು, ಅರ್ಧ ಕೆಟ್ಟದ್ದರ ರೆಂಬೆ ಸವರುವುದು. ಇದೇ ಅವಕಾಶ ಎಂದು ಪುಟ್ಟಸ್ವಾಮಿ ಉಳಿದ ಮರಗಳ ಬೊಡ್ಡೆಗೆಲ್ಲ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಸಿದ.

"ನೋಡಿ ಸ್ವಾಮೇರಾ, ಮದ್ವೆ ಮನೆ ಕಂಬ ಇದ್ದಂಗೆ ಐತೆ" ಎಂದ.

"ಭೇಷ್" ಎಂದರು ತಿಮ್ಮಪ್ಪಯ್ಯ. ಪೊನ್ನಮ್ಮ ತಮ್ಮ ತೋಟದ ಕಾಫಿ ಹಣ್ಣಿನ ಪಿಕಿಂಗಿನ ಗಡಿಬಿಡಿಯಲ್ಲಿದ್ದರು. ಅವರಿಗೆ ಈ ಸಿದ್ಧತೆಯ ಸುದ್ದಿಯೇ ಹೋಗಲಿಲ್ಲ.

ಎಲ್ಲರ ಮರ ಕಡಿಸಿದ ತಿಮ್ಮಪ್ಪಯ್ಯನವರಿಗೆ ತಮ್ಮ ಹಿತ್ತಿಲಿಗೆ ಬಂದಾಗ ಕೈ ಏಳಲಿಲ್ಲ. ಏಕೆಂದರೆ ಇಡೀ ಮಡಿಕೇರಿಯಲ್ಲಿ ಗೌರಿಯಷ್ಟು ರೋಗ ಹಿಡಿದ ಮರ ಇನ್ನೊಂದಿರಲಿಲ್ಲ. ಎರಡು ವರ್ಷದಿಂದ ಹಳದಿಯಾಗುತ್ತ ಬಂದು ಈಗ ತುದಿಯೆಲ್ಲ ಬೋಳಾಗಿತ್ತು. ಕೆಳಗಿನ ರೆಂಬೆಯಲ್ಲಿ ನಾಲ್ಕಾರು ಸಣ್ಣ ಹಣ್ಣು ಮಾತ್ರ ಇದ್ದವು. ಕಾವೇರಮ್ಮ ಅವರ ಕೈಯಿಂದ ಕತ್ತಿ ತೆಗೆದುಕೊಂಡು ಹೋಗಿ ಹಲಸಿನಕಾಯಿ ಹೆಚ್ಚಲು ಕೂತರು. ತಿಮ್ಮಪ್ಪಯ್ಯ ಹಿತ್ತಿಲಿನ ಬಾಗಿಲಿಗೆ ಅಗುಳಿ ಹಾಕಿದರು. ಡಾಕ್ಟರು ತಮ್ಮ ಮನೆಗೆ ಊಟಕ್ಕೆ ಬರುವ ದಿನ ಕೈ ತೊಳೆಯುವ ನೀರನ್ನು ಮುಂದಿನ ಜಗಲಿಯಲ್ಲೇ ಇಡುವುದು ಎಂದು ತೀರ್ಮಾನಿಸಿ ನೆಮ್ಮದಿಯಾದರು.

ಮರುಳಸಿದ್ದಪ್ಪ ಎತ್ತರದ ಆಳು, ನಗುಮುಖ. ಜೇಬಿನಲ್ಲಿ ಸದಾ ಒಂದು ಮಸೂರ. ಜೀಪಿನಲ್ಲಿ ಕೂತಾಗ ತಿಮ್ಮಪ್ಪಯ್ಯ ಕೇಳಿಯೇಬಿಟ್ಟರು.

"ಗಿಡಕ್ಕೆ ರೋಗ ತರುವ ಈ ವೈರಸ್ ಅಂದ್ರೆ ನಿಜಕ್ಕೂ ಏನು ಡಾಕ್ಟ್ರೇ? ಹುಳವಾ?"

"ಹುಳ ಅಲ್ಲ ಯಜಮಾನ್ರೇ. ಅದಕ್ಕೆ ಸ್ವಂತ ಸಂಸಾರವೇ ಇಲ್ಲ. ಗಿಡದ ಜೀವಕೋಶದೊಳಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಆ ಕೋಶದ ಕೈಲೇ ತನ್ನ ಕೆಲಸ ಎಲ್ಲಾ ಮಾಡಿಸ್ಕೊಳ್ಳುತ್ತೆ. ಕೋಶ ತನ್ನ ಕೆಲಸ ಬಿಟ್ಟು ಅದಕ್ಕೇ ದುಡಿದು ದುಡಿದು ಸಾಯುತ್ತೆ."

"ಓಹೋ, ಮನೆ ಅಳಿಯ!" ಎಂದರು ತಿಮ್ಮಪ್ಪಯ್ಯ.

ಡಾಕ್ಟರು ಜೀಪಿನ ಕಂಬಿ ಹಿಡಿದುಕೊಂಡು ನಕ್ಕರು. ಇನ್ನು ಮುಂದೆ ಹುಡುಗರಿಗೆ ಹಾಗೆಯೇ ಪಾಠ ಹೇಳುತ್ತೇನೆ ಎಂದರು. ರೋಗದ ಮರ ಸಿಕ್ಕರೆ ಏನು ಮಾಡುತ್ತೀರಿ ಎಂದು ತಿಮ್ಮಪ್ಪಯ್ಯ ಮತ್ತೆ ಕೇಳಿದರು. "ಬೇರು ಸಮೇತ ಕೀಳ್ತೀನಿ. ಬೇರು, ಬೊಡ್ಡೆ, ತೊಗಟೆ, ಎಲ್ಲಾ ಲ್ಯಾಬಿಗೆ ಬೇಕು. ಅದೂ ಅಲ್ದೆ ಪಕ್ಕದ ಮರ ಉಳೀಬೇಕಲ್ಲ" ಎಂದರು ಡಾಕ್ಟರು. ಸದ್ಯ ಅಗುಳಿ ಹಾಕಿ ಬಂದೆನಲ್ಲ ಎಂದು ತಿಮ್ಮಪ್ಪಯ್ಯ ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು.

ಹೋದ ಹೋದಲ್ಲಿ ಹಸಿರು ಮರ, ಹೊಳೆಯುವ ಹಣ್ಣು, ಪಟ್ಟೆ ಬಳಿದ ಬೊಡ್ಡೆ. ಪ್ರತಿ ತೋಟದಲ್ಲಿಯೂ ಮಾಲೀಕ ಬೆಳ್ಳಿ ತಟ್ಟೆಯಲ್ಲಿ ಕಿತ್ತಳೆ ತಂದು ಇಡುತ್ತಿದ್ದ. ರೋಗ ಉಂಟೇ ಎಂದರೆ ಎಲ್ಲರೂ ಒಂದೇ ಸ್ವರದಲ್ಲಿ "ಛೆ ಛೆ, ನಮ್ಮಲ್ಲಿ ಅಂಥದ್ದೇನಿಲ್ಲ" ಎನ್ನುತ್ತಿದ್ದರು. ಡಾಕ್ಟರು ಹಣ್ಣು ತಿಂದರು, ಹೊಗಳಿದರು. ಆದರೆ ಮಸೂರ ಜೇಬಿನಿಂದ ಹೊರಗೆ ಬರಲೇ ಇಲ್ಲ. ಒಂದೊಂದು ತೋಟ ದಾಟಿದ ಹಾಗೆ ಅವರ ಮುಖದ ನಗು ಬಾಡುತ್ತ ಹೋಯಿತು. ತಿಮ್ಮಪ್ಪಯ್ಯನವರು ಅದನ್ನು ಪ್ರಯಾಣದ ಆಯಾಸ ಎಂದುಕೊಂಡರು.

ಕೊನೆಯ ದಿನ ಮಧ್ಯಾಹ್ನ ತಿಮ್ಮಪ್ಪಯ್ಯನವರ ಮನೆಯಲ್ಲಿ ಊಟ. ಪಿಕಿಂಗ್ ಮುಗಿಸಿ ಪೊನ್ನಮ್ಮನವರೂ ಬಂದಿದ್ದರು. ಎಲೆ ಹಾಕಿ, ಹಲಸಿನಕಾಯಿ ಪಲ್ಯ, ಮಜ್ಜಿಗೆಹುಳಿ, ಹೋಳಿಗೆ ಎಲ್ಲ ಬಡಿಸಿಯಾಗಿತ್ತು. ತಾಂಬೂಲ ಇಡಿಸುವ ಹೊತ್ತು ಬಂತೆಂದು ತಿಮ್ಮಪ್ಪಯ್ಯ ಗಂಟಲು ಸರಿ ಮಾಡಿಕೊಂಡು, "ಹಾಗಾದ್ರೆ ಡಾಕ್ಟ್ರಿಗೆ ನಮ್ಮ ಸಂಬಂಧ ಒಪ್ಪಿಗೆಯಾ?" ಎಂದರು.

ಡಾಕ್ಟರು ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಬೇಜಾರು ಮಾಡ್ಕೋಬೇಡಿ. ಊರು ಚೆನ್ನಾಗಿದೆ, ಜನ ಇನ್ನೂ ಚೆನ್ನಾಗಿದ್ದಾರೆ. ಆದ್ರೆ ನನಗಿಲ್ಲಿ ಕೆಲಸ ಇಲ್ಲವಲ್ಲ? ಅಷ್ಟು ತೋಟದಲ್ಲಿ ಒಂದೇ ಒಂದು ಹಳದಿ ಎಲೆ ಕಾಣಲಿಲ್ಲ. ಮಲಬಾರಿನವರು ಕರೀತಾ ಇದ್ದಾರೆ, ಅಲ್ಲಿ ಮೆಣಸಿನ ಬಳ್ಳಿಗೆ ಒಳ್ಳೇ ರೋಗ ಬಂದಿದೆಯಂತೆ. ನಾಳೆ ಬೆಳಗ್ಗೆ ಮಾಕುಟ್ಟದ ಮೇಲೆ ಹೋಗೋ ಬಸ್ಸು ಹಿಡೀತೀನಿ."

ಪೊನ್ನಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದರು. "ಹಳದಿ ಎಲೆ ಇಲ್ಲ? ನಮ್ಮ ಕೊಡಗಿನಲ್ಲಿ? ನನ್ನ ಪಕ್ಕದ ತೋಟದಲ್ಲೇ ಅರ್ಧ ಮರ ಹೋಗ್ಲಿಲ್ವಾ! ತಿಮ್ಮಪ್ಪಯ್ಯ, ಏನು ತೋರಿಸಿದ್ರಿ ಇವರಿಗೆ?"

ತಿಮ್ಮಪ್ಪಯ್ಯ ತೊದಲುತ್ತ ಎಲ್ಲವನ್ನೂ ಹೇಳಿದರು. ಕಡಿಸಿದ್ದು, ಸುಡಿಸಿದ್ದು, ಪಟ್ಟೆ ಬಳಿಸಿದ್ದು. ಗಂಡಿನ ಕಡೆಯವರಿಗೆ ಕುಂದು ಕಾಣಬಾರದಲ್ಲ ಎಂದರು.

"ಅಯ್ಯೋ ದೇವಾ!" ಎಂದು ಪೊನ್ನಮ್ಮ ಎಡಗೈಯಲ್ಲಿ ಹಣೆ ಚಚ್ಚಿಕೊಂಡರು. "ಡಾಕ್ಟ್ರನ್ನ ಕರ್ಕೊಂಡು ಬಂದು ಪೇಶೆಂಟನ್ನ ಅಡಗಿಸಿ ಇಟ್ಟಿದ್ದೀರಲ್ಲ ಮಾರಾಯರೇ! ಹತ್ತಿರದ ತೋಟದ್ದೆಲ್ಲ ಸುಟ್ಟು ಹಾಕಿದ್ರೆ ಬೆಳಗ್ಗೆ ಬಸ್ಸಿನ ಮೊದಲು ಇವರಿಗೆ ಏನು ತೋರಿಸೋದು?"

ಡಾಕ್ಟರು ಮೆಲ್ಲಗೆ ಹೇಳಿದರು. "ಇರಬಹುದಮ್ಮ. ಆದ್ರೆ ರೋಗದ ಮರ ಕಣ್ಣಾರೆ ನೋಡದೆ ನಾನು ಪುಣೆ ಬಿಡೋದು ಹೇಗೆ? ಬಾಯಿಮಾತಿನ ಮೇಲೆ ಬರೋಕಾಗಲ್ಲ."

ತಿಮ್ಮಪ್ಪಯ್ಯ ಎಲೆಯನ್ನೇ ನೋಡುತ್ತ ಲೆಕ್ಕ ಹಾಕಿದರು. ತಾವು ಕರೆತಂದ ಗಂಡು ತಿರುಗಿ ಹೋಗುತ್ತಿದೆ. ಲ್ಯಾಬೂ ಹೋಗುತ್ತದೆ. ಮುಂದಿನ ವರ್ಷ ಪುಟ್ಟಸ್ವಾಮಿಯ ಪಟ್ಟೆ ಬಳಿದ ಮರಗಳೂ ಹಳದಿಯಾಗುತ್ತವೆ. ಅಗುಳಿ ಹಾಕಿದ ಬಾಗಿಲಿನ ಆಚೆ ಡಾಕ್ಟರಿಗೆ ಬೇಕಾದದ್ದು ನಿಂತಿದೆ. ತೋರಿಸಿದರೆ ಡಾಕ್ಟರು ಉಳಿಯುತ್ತಾರೆ, ಗೌರಿ ಉಳಿಯುವುದಿಲ್ಲ. ಅವರು ತಲೆಯೆತ್ತಿ, ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಕಾವೇರಮ್ಮನ ಮುಖ ನೋಡಿದರು. ಕಾವೇರಮ್ಮನೂ ಅವರನ್ನೇ ನೋಡುತ್ತಿದ್ದರು.

ತಿಮ್ಮಪ್ಪಯ್ಯ ಎಂಜಲ ಕೈಯಲ್ಲೇ ಎದ್ದರು. ಅತಿಥಿಗಳು ಉಣ್ಣುತ್ತಿರುವಾಗ ಯಜಮಾನ ಎಲೆ ಬಿಟ್ಟು ಏಳುವುದು ಆ ಮನೆಯಲ್ಲಿ ಎಂದೂ ನಡೆದಿರಲಿಲ್ಲ. ಹಿತ್ತಿಲಿನ ಬಾಗಿಲಿಗೆ ಹೋಗಿ ಎಡಗೈಯಲ್ಲಿ ಅಗುಳಿ ಎಳೆದರು. ಅದು ಜಗ್ಗಲಿಲ್ಲ. ಮರದ ಅಗುಳಿ ಬಿಗಿಯಾಗಿತ್ತೋ, ಅವರ ಕೈಗೇ ಮನಸ್ಸಿರಲಿಲ್ಲವೋ ಹೇಳುವುದು ಕಷ್ಟ. ಕಾವೇರಮ್ಮ ಗಿಂಡಿಯನ್ನು ಕೆಳಗಿಟ್ಟು ಬಂದು, ತಮ್ಮ ಕೈಯನ್ನೂ ಸೇರಿಸಿ ಎಳೆದರು.

"ಎಷ್ಟು ದಿನ ಅಂತ ಮನೆಯೊಳಗೇ ಇಟ್ಟುಕೊಳ್ಳುದು ಇವರೇ" ಎಂದರು. ಆಮೇಲೆ ಒಳಗೆ ತಿರುಗಿ, "ಡಾಕ್ಟ್ರೇ, ಊಟ ಮುಗಿಸಿ ಕೈ ತೊಳೆಯಲಿಕ್ಕೆ ಹಿತ್ತಿಲಿಗೆ ಬನ್ನಿ" ಎಂದರು.

ಡಾಕ್ಟರು ಕೈ ತೊಳೆಯುವುದನ್ನೇ ಮರೆತರು. ಗೌರಿಯನ್ನು ನೋಡಿದವರೇ "ಅಬ್ಬಾ!" ಎಂದರು. ಗಂಡು ಹೆಣ್ಣನ್ನು ನೋಡಿ ಹೀಗೆ ಕಣ್ಣರಳಿಸಿದ್ದನ್ನು ತಿಮ್ಮಪ್ಪಯ್ಯ ಇಷ್ಟು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಮಸೂರ ಹೊರಗೆ ಬಂದಿತು. ಡಾಕ್ಟರು ಎಲೆ ತಿರುವಿದರು, ತೊಗಟೆಯನ್ನು ಉಗುರಿನಲ್ಲಿ ಕೆರೆದರು, ಮಂಡಿಯೂರಿ ಬುಡದ ಮಣ್ಣು ಬಗೆದರು. ಹೋಳಿಗೆಯ ತುಪ್ಪ ಅಂಟಿದ ಕೈಗೆ ಮಣ್ಣೂ ಮೆತ್ತಿಕೊಂಡಿತು.

"ಇಷ್ಟು ಚೆನ್ನಾಗಿರೋ ರೋಗವನ್ನ ಇಲ್ಲಿಟ್ಕೊಂಡು, ನನಗೆ ಬೆಳ್ಳಿ ತಟ್ಟೇಲಿ ಹಣ್ಣು ತಿನ್ನಿಸ್ತಿದ್ರಲ್ಲ ಯಜಮಾನ್ರೇ! ನಾನು ಬರ್ತೀನಿ. ಮಾರ್ಚಿವರೆಗೂ ಯಾಕೆ, ಹೋಗಿ ಪೆಟ್ಟಿಗೆ ಕಟ್ಕೊಂಡೇ ಬರ್ತೀನಿ."

ಪೊನ್ನಮ್ಮ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ ಗಟ್ಟಿಯಾಗಿ ನಕ್ಕರು. ಡಾಕ್ಟರು ಮಾತ್ರ ಎದ್ದು ನಿಂತು, ಗಂಡ ಹೆಂಡತಿಯ ಮುಖಗಳನ್ನು ನೋಡಿ, ದನಿ ತಗ್ಗಿಸಿದರು. ಬುಡದಲ್ಲಿ ಹಾಕಿದ್ದ ರಂಗೋಲಿ ಅವರ ಕಣ್ಣಿಗೆ ಬಿದ್ದಿತ್ತು.

"ಅಮ್ಮಾ, ಈ ಮರ ನನಗೆ ಬೇಕಾಗುತ್ತೆ. ಬೇರು ಸಮೇತ. ಕೇಳೋಕೆ ಕಷ್ಟ ಆಗ್ತಿದೆ."

"ಕೇಳಿಕೊಂಡು ಬಂದವರಿಗೆ ಅಲ್ಲವಾ ಕೊಡುದು" ಎಂದರು ಕಾವೇರಮ್ಮ.

ಡಾಕ್ಟರು ಕೆಲಸಕ್ಕೆ ಸೇರಿದ ವಾರವೇ ಪೊನ್ನಮ್ಮನವರ ಎಸ್ಟೇಟಿನ ಲಾರಿ ಬಂದಿತು. ಕಾವೇರಮ್ಮ ಬೆಳಗ್ಗೆಯೇ ಮಿಂದು, ಗೌರಿಯ ಬೊಡ್ಡೆಗೆ ಅರಿಶಿನ ಕುಂಕುಮ ಹಚ್ಚಿ, ಬುಡಕ್ಕೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಿಲು ತುಂಬಿದ್ದರು. ಕಡೆಯ ನಾಲ್ಕಾರು ಹಣ್ಣುಗಳನ್ನು ಕೊಯ್ದು ಡಾಕ್ಟರ ಕೈಗೇ ಹಾಕಿದರು. ಆಳುಗಳು ಸುತ್ತ ಅಗೆದು, ಬೇರು ಕಡಿಯದ ಹಾಗೆ ಮರವನ್ನು ಒರಗಿಸಿ, ಗೋಣಿ ಸುತ್ತಿ ಲಾರಿಗೆ ಏರಿಸಿದರು.

ತಿಮ್ಮಪ್ಪಯ್ಯ ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು, ಮಗಳನ್ನು ಕಳಿಸುವ ಅಪ್ಪಂದಿರ ಬೆನ್ನು ತಟ್ಟಿ, "ಅಳ್ತಾರಾ ಮಾರಾಯ, ಇಲ್ಲೇ ಕೂಗಳತೆಯಲ್ಲಿ ಇರ್ತಾಳೆ" ಎಂದವರು. ಹಾಗೆನ್ನುವಾಗ ಅವರ ಕಣ್ಣು ಒದ್ದೆಯಾದದ್ದೇ ಇಲ್ಲ. ಆ ಅಪ್ಪಂದಿರದು ಸ್ವಲ್ಪ ನಾಟಕ ಎಂದೂ ಅವರಿಗೆ ಒಳಗೊಳಗೆ ಅನ್ನಿಸುತ್ತಿತ್ತು. ಈಗ ಲಾರಿ ಹೊರಟಿತು. ಗೋಣಿಯಿಂದ ಆಚೆ ಚಾಚಿದ್ದ ಒಂದು ಬೋಳು ರೆಂಬೆ ತಿರುವಿನಲ್ಲಿ ಅಲ್ಲಾಡಿತು. ಹೆಡ್ ಕ್ಲರ್ಕ್ ತಿಮ್ಮಪ್ಪಯ್ಯ ನಡುಬೀದಿಯಲ್ಲಿ ನಿಂತು, ಹೆಗಲ ಮೇಲಿನ ಶಲ್ಯವನ್ನು ಮುಖಕ್ಕೆ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತರು.

"ನಾಪೋಕ್ಲು ಏನು ದೂರ? ಕೂಗಳತೆ" ಎಂದು ಕಾವೇರಮ್ಮ ಅವರ ಬೆನ್ನು ತಟ್ಟಿದರು. ಅವರ ದನಿಯೂ ಒಡೆದಿತ್ತು.

ಆಮೇಲೆ ತಿಮ್ಮಪ್ಪಯ್ಯ ಮದುವೆ ಕುದುರಿಸುವುದನ್ನು ಬಿಡಲಿಲ್ಲ. ಆದರೆ ಬಿರುಕಿನ ಮೇಲೆ ಪಟ ತೂಗಿಸುವುದನ್ನು ಬಿಟ್ಟರು. ಜಗಳಗಂಟ ಚಿಕ್ಕಪ್ಪಂದಿರನ್ನು ಗಂಡಿನವರ ಎದುರಿಗೇ ಕೂರಿಸತೊಡಗಿದರು. ಅದರಿಂದ ಒಂದೆರಡು ಸಂಬಂಧ ಮುರಿದೂ ಬಿದ್ದವು. ಹೆಣ್ಣು ಕಳಿಸುವ ದಿನ ಮಾತ್ರ ಅಪ್ಪಂದಿರ ಬೆನ್ನು ತಟ್ಟಲು ಹೋಗುತ್ತಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತುಕೊಳ್ಳುತ್ತಿದ್ದರು.

ಎರಡನೆಯ ಮಳೆಗಾಲ ಮುಗಿದ ಮೇಲೆ ಡಾಕ್ಟರಿಂದ ಕರೆ ಬಂತು. ತಿಮ್ಮಪ್ಪಯ್ಯ ನಾಪೋಕ್ಲಿಗೆ ಹೋದರು. ಗೋದಾಮಿನ ತುಂಬ ಗಾಜಿನ ಬುರುಡೆ, ಬಿಳಿ ಕೋಟಿನ ಹುಡುಗಿಯರು, ಹುಡುಗರು. ಗೌರಿಯ ಬೊಡ್ಡೆಯ ಬಿಲ್ಲೆಗಳು ಕಪಾಟಿನಲ್ಲಿದ್ದವು. ಡಾಕ್ಟರು ಬಲೆ ಕಟ್ಟಿದ ಚಪ್ಪರದೊಳಗಿಂದ ಮಂಡಿಯೆತ್ತರದ ಒಂದು ಸಸಿಯನ್ನು ಕುಂಡದ ಸಮೇತ ತಂದು ಅವರ ಕೈಗಿಟ್ಟರು. ಎಲೆಗಳು ಕಡು ಹಸಿರಾಗಿದ್ದವು.

"ಅಮ್ಮ ಕೊಟ್ಟ ಹಣ್ಣಿನ ಬೀಜದ್ದು. ತಾಯಿ ರೋಗ ಇದಕ್ಕೆ ಇಳಿದಿಲ್ಲ, ಎಲ್ಲಾ ಪರೀಕ್ಷೆ ಮಾಡಿದೀನಿ. ಮರ ಇದ್ದ ಜಾಗದಲ್ಲಿ ಬೇಡ, ಸ್ವಲ್ಪ ಆಚೆ ನೆಡಿ."

ವಾಪಸು ಬರುವ ಬಸ್ಸಿನಲ್ಲಿ ತಿಮ್ಮಪ್ಪಯ್ಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಗೆ ಗಾಳಿ ಹೊಡೆಯದ ಹಾಗೆ ಶಲ್ಯ ಹೊದಿಸಿ ಕೂತಿದ್ದರು. ಕಂಡಕ್ಟರ್ ಸಣ್ಣಸ್ವಾಮಿ ಟಿಕೆಟ್ಟು ಹರಿಯುತ್ತ ಬಂದು ನಿಂತ.

"ಗಿಡನ ಟಾಪಿಗೆ ಹಾಕಿ ಸ್ವಾಮಿ. ಇಲ್ಲಾಂದ್ರೆ ಲಗೇಜು ಚಾರ್ಜು ಆಯ್ತದೆ."

"ತೊಡೆ ಮೇಲಿನ ಮಗುವಿಗೆ ಯಾವ ಊರಿನ ಚಾರ್ಜು ಮಾರಾಯಾ?" ಎಂದರು ತಿಮ್ಮಪ್ಪಯ್ಯ. "ನನ್ನ ಮೊಮ್ಮಗಳು. ಅಜ್ಜಿಯ ಮನೆಗೆ ಕರ್ಕೊಂಡು ಹೋಗ್ತಾ ಇದ್ದೇನೆ."